ಬಾಟಲಕ್ಕ ಪಾಸ್

ನನ್ನ ತಮ್ಮ ನನಗೆ ಯಾವತ್ತೂ ಮೋಸ ಮಾಡಿದವನಲ್ಲ. ನನ್ನ ಹೊಟ್ಟೆ ಉರಿಯುತ್ತಿರುವುದೇ ಅದಕ್ಕೆ. ಮೋಸ ಮಾಡಿದ್ದರೆ ಬಾಯಿಗೆ ಬಂದಂತೆ ಬೈದು, ಒಂದಷ್ಟು ದಿನ ಮಾತು ಬಿಟ್ಟು, ಆಮೇಲೆ ಅಮ್ಮನ ಕಣ್ಣೀರು ನೋಡಲಾರದೆ ರಾಜಿಯಾಗಿಬಿಡುತ್ತಿದ್ದೆ. ನಮ್ಮ ಮನೆಯಲ್ಲಿ ಜಗಳಗಳು ಮುಗಿಯುವುದೇ ಹಾಗೆ. ಈ ಜಗಳಕ್ಕೆ ಮಾತ್ರ ಅಂಥ ದಾರಿ ಕಾಣುತ್ತಿಲ್ಲ.

ಅವನಿಗೆ ಅರ್ಧ ತಲೆ ನರೆತಿದೆ, ಆದರೂ ಮನೆಯವರಿಗೆಲ್ಲ ಅವನು ಪುಟ್ಟನೇ. ಪುಟ್ಟನದು ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳ ಅಂಗಡಿ. ಕೊರಿಯರ್ ಆಫೀಸಿಗೂ ಕೀ ಮಾಡುವವನ ಗೂಡಿಗೂ ನಡುವೆ ಸಿಕ್ಕಿಕೊಂಡಿದೆ. ಒಳಗೆ ಇಬ್ಬರು ಎದುರುಬದುರು ಬಂದರೆ ಒಬ್ಬರು ಹೊಟ್ಟೆ ಎಳೆದುಕೊಂಡು ಗೋಡೆಗೆ ಒರಗಬೇಕು. ವೈರು, ಬ್ಯಾಟರಿ, ಸ್ವಿಚ್ಚು, ಕಾಳಿನಷ್ಟು ಚಿಕ್ಕ ದೀಪಗಳು, ಎಲ್ಲ ಇಟ್ಟಿದ್ದಾನೆ. ಆದರೆ ಅಂಗಡಿ ನಡೆಯುವುದು ಸರ್ವೋ ಮೋಟರಿನಿಂದ. ನೋಡಲು ಬೆಂಕಿಪೊಟ್ಟಣದಷ್ಟಿರುತ್ತದೆ. ಒಳಗೊಂದು ಪುಟಾಣಿ ಮೋಟರು, ನಾಲ್ಕಾರು ಹಲ್ಲಿನ ಚಕ್ರಗಳು. ಇಷ್ಟು ತಿರುಗು ಎಂದರೆ ಅಷ್ಟೇ ತಿರುಗಿ ಅಲ್ಲೇ ಬಿಗಿಯಾಗಿ ನಿಲ್ಲುತ್ತದೆ. ಹವ್ಯಾಸಕ್ಕೆ ರೋಬೋ ಕಟ್ಟುವ ನಮ್ಮಂಥವರಿಗೆ ಅದೇ ಮೊಣಕಾಲು, ಅದೇ ಮೊಣಕೈ, ಅದೇ ಕತ್ತು.

ದೊಡ್ಡ ಕಂಪನಿಯ ಸರ್ವೋ ನಮ್ಮ ಕೈಗೆ ಎಟುಕುವುದಲ್ಲ. ಅಗ್ಗದ್ದರಲ್ಲೂ ಎರಡು ಜಾತಿ. ಒಂದರ ಚಕ್ರಗಳು ಪ್ಲಾಸ್ಟಿಕ್ಕಿನವು, ಆಟಿಕೆಗೆ ಸಾಕು. ಇನ್ನೊಂದರವು ಹಿತ್ತಾಳೆಯವು, ಸ್ವಲ್ಪ ಭಾರ ತಾಳುತ್ತವೆ. ಹೊರಗಿನಿಂದ ನೋಡಿದರೆ ಎರಡೂ ಅವಳಿ ಜವಳಿ. ಹೊರಗೆ ಇಣುಕುವ ದಂಡ ಬಿಳಿಯದೋ ಹಳದಿಯದೋ ಎನ್ನುವುದಷ್ಟೇ ವ್ಯತ್ಯಾಸ. ದಂಡ ಹಳದಿಯಾಗಿದ್ದರೆ ಒಳಗೂ ಹಿತ್ತಾಳೆ ಎಂದು ನಾವೆಲ್ಲ ನಂಬಿಕೊಂಡಿದ್ದೆವು.

ನಮ್ಮದೊಂದು ಕ್ಲಬ್ಬಿದೆ. ಮುಚ್ಚಿಹೋದ ಪ್ರೆಸ್ಸಿನ ಮೇಲಿನ ಹಾಲಿನಲ್ಲಿ ಶನಿವಾರ ಸಂಜೆ ಸೇರುತ್ತೇವೆ. ಪ್ಲೈವುಡ್ ಮೇಜುಗಳು, ಸೋಲ್ಡರ್ ಹೊಗೆ, ಒಂದೇ ಒಂದು ಸರಿಯಾದ ಸ್ಕ್ರೂಡ್ರೈವರು, ಅದಕ್ಕಾಗಿ ಕಿತ್ತಾಟ. ಕನ್ನಡಕದ ಅಂಗಡಿಯವರು, ನರ್ಸಮ್ಮ, ಬಸ್ಸಿನ ಕಂಡಕ್ಟರು, ಬೇಕರಿಯವರು, ಹೀಗೆ ತಲೆಗೊಂದು ಕೆಲಸ, ಎಲ್ಲರಿಗೂ ಒಂದೇ ಹುಚ್ಚು. ಎಲ್ಲರೂ ಎಲ್ಲವನ್ನೂ ಕೊಂಡು ಕೆಡಿಸಿಕೊಳ್ಳುವುದು ಬೇಡವೆಂದು ನಾವೇ ಒಂದು ಪದ್ಧತಿ ಮಾಡಿಕೊಂಡೆವು: ಒಬ್ಬರು ಪರೀಕ್ಷೆ ಮಾಡುವುದು, ಉಳಿದವರು ಅವರ ಮಾತಿನ ಮೇಲೆ ಕೊಳ್ಳುವುದು. ಮೋಟರಿನ ಪರೀಕ್ಷೆ ನನ್ನ ಪಾಲಿಗೆ ಬಂತು. ಬರಲೇಬೇಕಿತ್ತು. ನನ್ನ ಉದ್ಯೋಗವೇ ಪರೀಕ್ಷೆ ಮಾಡುವುದು. ತೂಕ ಮತ್ತು ಅಳತೆಯ ಕಚೇರಿಯಲ್ಲಿ ಕೆಲಸ. ಅಂಗಡಿ ಅಂಗಡಿಗೆ ಹೋಗಿ ತಕ್ಕಡಿ ಸರಿಯಿದೆಯೇ ನೋಡಿ, ಸರಿಯಿದ್ದರೆ ಮುದ್ರೆ ಒತ್ತಿ, ಇಲ್ಲದಿದ್ದರೆ ಕಿತ್ತುಕೊಂಡು ಬರುವವಳು ನಾನು.

ನನ್ನ ಪರೀಕ್ಷೆ ಸರಳ. ಅಡುಗೆಮನೆಯ ಕಟ್ಟೆಯ ಅಂಚಿಗೆ ಮೋಟರನ್ನು ಬಿಗಿದು, ಅದರ ತೋಳಿಗೆ ದಾರ ಕಟ್ಟಿ, ದಾರಕ್ಕೆ ಅರ್ಧ ನೀರಿನ ಬಾಟಲಿ ನೇತು ಹಾಕುತ್ತೇನೆ. ನಾನು ತರಕಾರಿ ಹೆಚ್ಚಿ, ಅಡುಗೆ ಮುಗಿಸಿ, ಪಾತ್ರೆ ತೊಳೆಯುವವರೆಗೂ ಅದು ಬಾಟಲಿಯನ್ನು ಎತ್ತುತ್ತ ಇಳಿಸುತ್ತ ಇರಬೇಕು. ಅಷ್ಟು ಹೊತ್ತು ತಾಳಿದರೆ ಪಾಸು. ಪುಟ್ಟನ ಅಂಗಡಿಯ ಮೋಟರು ಒಂದೂ ಫೇಲಾಗಲಿಲ್ಲ. ಕ್ಲಬ್ಬಿನವರು ನನಗೆ ಬಾಟಲಕ್ಕ ಎಂದು ಹೆಸರಿಟ್ಟರು. ಪುಟ್ಟ ಅಂಗಡಿಯ ಶೆಲ್ಫಿಗೆ ಕೆಂಪಕ್ಷರದಲ್ಲಿ "ಬಾಟಲಕ್ಕ ಪಾಸ್" ಎಂದು ಬರೆದ ಸ್ಟಿಕ್ಕರ್ ಅಂಟಿಸಿದ. ಮೊದಲ ಸಲ ಅದನ್ನು ನೋಡಿದಾಗ "ಏನೋ ಇದು ಕೋತಿ ಚೇಷ್ಟೆ" ಎಂದೆನಾದರೂ, ಒಳಗೊಳಗೆ ಹಿಗ್ಗಿದ್ದು ಸುಳ್ಳಲ್ಲ.

ಈಗ ಬೇಕರಿಯವರ ಜಿರಾಫೆಯ ಕಥೆ ಹೇಳಬೇಕು. ಅವರು ಭಾರಿ ಆಳು, ಮೆಲುಮಾತು, ಎರಡೂ ಮೊಣಕೈಗಳಲ್ಲಿ ಒಲೆಯ ಬಾಗಿಲು ತಾಗಿದ ಸುಟ್ಟ ಗೆರೆಗಳು. ಅವರಿಗೆ ಒಂದೇ ಆಸೆ: ಬೇಕರಿಯ ಗಾಜಿನ ಕೌಂಟರಿನ ಮೇಲೆ ಒಂದು ಜಿರಾಫೆ ನಿಲ್ಲಬೇಕು, ಅದು ಉದ್ದ ಕತ್ತು ಬಗ್ಗಿಸಿ ತಟ್ಟೆಯಿಂದ ಬನ್ನು ಕಚ್ಚಿ, ಕತ್ತೆತ್ತಿ, ಆಚೆ ನಿಂತವರ ಕೈಗೆ ಕೊಡಬೇಕು. ಪುಟ್ಟನ ಅಂಗಡಿಯಿಂದ ನನ್ನ ಸ್ಟಿಕ್ಕರಿನ ಕೆಳಗಿದ್ದ ಮೋಟರುಗಳನ್ನೇ ಕೊಂಡು ತಂದರು. ಜಿರಾಫೆ ಬಗ್ಗಿತು, ಬನ್ನು ಕಚ್ಚಿತು, ಏಳಲಿಲ್ಲ. ಕತ್ತಿನ ಬುಡದಿಂದ ಕರಕರ ಸದ್ದು.

"ಕತ್ತು ಉದ್ದ ಆಯ್ತು" ಎಂದೆ ನಾನು. "ಭಾರ ಜಾಸ್ತಿ ಬೀಳ್ತಿದೆ. ಕತ್ತರಿಸಿ."

ಕತ್ತರಿಸಿದರು. ಮೋಟರು ಬದಲಿಸಿದರು. ಮತ್ತೆ ಕರಕರ. ಮತ್ತೆ ಕತ್ತರಿಸಿ ಎಂದೆ. ಬರಬರುತ್ತ ಅದು ಚುಕ್ಕೆ ಬಳಿದ ಕತ್ತೆಯಾಯಿತು. ಕಂಡಕ್ಟರು "ಇದು ಯಾವ ಪ್ರಾಣಿ ಅಂತ ಟಿಕೆಟ್ ಹರೀಲಿ?" ಎಂದು ಕೇಳಿದಾಗ ಎಲ್ಲರೂ ನಕ್ಕರು, ಬೇಕರಿಯವರೂ ನಕ್ಕರು. ಕ್ಲಬ್ಬಿನ ಪ್ರದರ್ಶನದ ದಿನ, ಹೊರಗಿನ ಜನ ತುಂಬಿದ್ದಾಗ, ಆ ಮೋಟು ಕತ್ತಿನ ಜಿರಾಫೆ ಬನ್ನು ಕಚ್ಚಿ ಅರ್ಧಕ್ಕೆ ಎದ್ದು, ಧೊಪ್ಪೆಂದು ತಟ್ಟೆಯ ಮೇಲೆ ಮುಖ ಹಾಕಿತು. ಕತ್ತಿನ ಬುಡದಿಂದ ಹೊಗೆ ಬಂತು. ಅವರು ನನ್ನ ಕಡೆ ನೋಡಿ "ಅಕ್ಕಾ, ಮೋಟರೇ ಸರಿಯಿಲ್ವೇನೋ" ಎಂದರು.

ನನ್ನ ಮುದ್ರೆ ಬಿದ್ದ ಮೋಟರಿಗೆ ಸರಿಯಿಲ್ಲ ಎನ್ನುವುದೇ! ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. "ಮೋಟರ್‌ಗೇನೂ ಆಗಿಲ್ಲ. ಹಿಟ್ಟು ನಾದೋ ಕೈಲಿ ಇಂಥ ಕೆಲಸ ಆಗಲ್ಲ, ಬಿಡಿ" ಎಂದೆ. ಅಷ್ಟು ಜನರ ಮುಂದೆ. ಅವರು ಜಿರಾಫೆಯನ್ನು ಬ್ರೆಡ್ಡಿನ ಟ್ರೇಯಲ್ಲಿ ಮಲಗಿಸಿಕೊಂಡು ಮೆಟ್ಟಿಲಿಳಿದು ಹೋದರು. ಆಮೇಲೆ ಕ್ಲಬ್ಬಿಗೆ ಬರಲಿಲ್ಲ.

ನನ್ನದೂ ಒಂದು ರೋಬೋ ಇದೆ, ಆರು ಕಾಲಿನ ಇರುವೆ. ಕಾಲಿಗೆ ಮೂರು ಮೋಟರು. ವರ್ಷಗಟ್ಟಲೆ ನಡೆದರೂ ಕುಂಟಿದ್ದಿಲ್ಲ. ಪ್ರದರ್ಶನವಾಗಿ ಕೆಲವು ವಾರಗಳ ಮೇಲೆ ಅದು ನನ್ನ ಕೈಜಾರಿ ಮೇಜಿನಿಂದ ಬಿದ್ದು, ಒಂದು ಮೋಟರಿನ ಡಬ್ಬಿ ಒಡೆಯಿತು. ಕಚೇರಿಯಿಂದ ಬರುವಾಗ ಪುಟ್ಟನ ಅಂಗಡಿಗೆ ಹೊಕ್ಕೆ. ಅಂಗಡಿ ತೆರೆದಿತ್ತು, ಅವನು ಪಕ್ಕದ ಕೊರಿಯರ್ ಆಫೀಸಿನಲ್ಲಿ ಪಾರ್ಸೆಲ್ ಕಟ್ಟಿಸುತ್ತಿದ್ದ. ಬಸ್ಸು ತಪ್ಪೀತೆಂದು ನನ್ನ ಹೆಸರಿನ ಶೆಲ್ಫಿನಿಂದ ಒಂದು ಪೊಟ್ಟಣ ತೆಗೆದು, ಗಾಜಿನಾಚೆಯಿಂದ ಅವನಿಗೆ ಎತ್ತಿ ತೋರಿಸಿ ಹೊರಟೆ. ಅವನು ಏನೋ ಕೂಗಿದ. ನನಗೆ ಕೇಳಿಸಲಿಲ್ಲ.

ಮನೆ ಸೇರಿ ಚಪ್ಪಲಿ ಬಿಡುವಷ್ಟರಲ್ಲಿ ಫೋನು.

"ಅಕ್ಕಾ, ಯಾವ ಮೋಟರ್ ತಗೊಂಡು ಹೋದೆ?"

"ಶೆಲ್ಫಲ್ಲಿದ್ದದ್ದು. ಯಾಕೋ?"

"ಯಾವ ಶೆಲ್ಫು?"

"ನನ್ನ ಹೆಸರು ಮೆರೆಸಿದೀಯಲ್ಲ, ಅದೇ."

ಪುಟ್ಟ ತುಂಬ ಮೆಲ್ಲಗೆ ಹೇಳಿದ: "ಅದನ್ನ ಹಾಕ್ಬೇಡ ಅಕ್ಕಾ. ನಿಂದು ಕೌಂಟರ್ ಕೆಳಗೆ ಎತ್ತಿಟ್ಟಿದೀನಿ, ನಾಳೆ ನಾನೇ ತಂದುಕೊಡ್ತೀನಿ. ಅದು ಗಿರಾಕಿಗಳದ್ದು."

ಫೋನಿಟ್ಟು ಅಡುಗೆಮನೆಗೆ ಹೋದೆ. ಗಿರಾಕಿಗಳ ಮೋಟರನ್ನು ಕಟ್ಟೆಗೆ ಬಿಗಿದು ಬಾಟಲಿ ನೇತು ಹಾಕಿದೆ. ಎತ್ತಿತು, ಇಳಿಸಿತು. ನಾನು ಈರುಳ್ಳಿ ಸಿಪ್ಪೆ ಸುಲಿಯುತ್ತಿದ್ದೆ, ಅದೂ ಪೂರ್ತಿ ಆಗಿರಲಿಲ್ಲ. ಕಟಕಟ ಎಂದು ಹಲ್ಲು ಜಾರಿ ಬಾಟಲಿ ಜೋತುಬಿತ್ತು. ತಿರುಪು ಬಿಚ್ಚಿ ನೋಡಿದೆ. ಹೊರಗೆ ಇಣುಕುವ ದಂಡ ಮತ್ತು ಅದರ ಬುಡದ ಒಂದು ಚಕ್ರ ಮಾತ್ರ ಹಿತ್ತಾಳೆ. ಅದರ ಕೆಳಗಿನವೆಲ್ಲ ಬಿಳಿ ಪ್ಲಾಸ್ಟಿಕ್ಕು. ಒಂದರ ಹಲ್ಲು ಪುಡಿಪುಡಿ. ಆಮೇಲೆ ಇರುವೆಯ ಒಡೆದ ಮೋಟರನ್ನು ಬಿಚ್ಚಿದೆ. ಮೇಲಿಂದ ಕೆಳಗಿನವರೆಗೆ ಹಿತ್ತಾಳೆ, ಎಣ್ಣೆ ಹಚ್ಚಿ ಹೊಳೆಯುತ್ತಿತ್ತು.

ನನ್ನ ಪಿತ್ತ ನೆತ್ತಿಗೇರಿತು. ಇಷ್ಟು ವರ್ಷ ಪುಟ್ಟ "ನಿನಗೆ ಅಂತ ಎತ್ತಿಟ್ಟಿದ್ದೆ ಅಕ್ಕಾ" ಎಂದು ಕೌಂಟರಿನ ಕೆಳಗಿನಿಂದ ತೆಗೆದುಕೊಟ್ಟಾಗಲೆಲ್ಲ ನಾನು ಅದನ್ನು ಪ್ರೀತಿ ಎಂದುಕೊಂಡಿದ್ದೆ. ಪ್ರೀತಿಯೇ ಅದು, ಅದರಲ್ಲಿ ಸಂಶಯವಿಲ್ಲ. ನನಗೆ ಒಳ್ಳೆಯದು ಕೊಟ್ಟ, ನಾನು ಅದಕ್ಕೆ ಪಾಸು ಕೊಟ್ಟೆ, ಆ ಪಾಸನ್ನು ತಗೊಂಡು ಹೋಗಿ ಕೆಟ್ಟದ್ದರ ತಲೆಗೆ ಅಂಟಿಸಿದ. ನಮ್ಮ ಕಚೇರಿಯಲ್ಲಿ ಹೊಸಬರಿಗೆ ಹೇಳಿಕೊಡುವ ಮೊದಲ ಪಾಠ ಯಾವುದು ಗೊತ್ತೇ? ಅಂಗಡಿಯವನು ಒಳಗಿನಿಂದ ತಂದುಕೊಡುವ ತಕ್ಕಡಿಯನ್ನು ಮುಟ್ಟಬೇಡ. ಗಿರಾಕಿಗೆ ತೂಗುತ್ತಿರುವ ತಕ್ಕಡಿಯನ್ನೇ ಎಳೆದುಕೋ. ಊರಿನ ಎಲ್ಲ ಅಂಗಡಿಯಲ್ಲೂ ನಾನು ಅದನ್ನು ಪಾಲಿಸಿದ್ದೇನೆ, ಒಂದು ಅಂಗಡಿ ಬಿಟ್ಟು.

ಮಾರನೆಯ ದಿನ ಬಾಗಿಲು ತೆಗೆಯುವ ಹೊತ್ತಿಗೇ ಹೋದೆ. ಎರಡೂ ಮೋಟರುಗಳ ಚಕ್ರಗಳನ್ನು ಕೌಂಟರಿನ ಮೇಲೆ ಸುರಿದೆ. ಪುಟ್ಟ ಅವನ್ನು ನೋಡಿ, ನನ್ನನ್ನು ನೋಡಿ, ಕೈಯಲ್ಲಿದ್ದ ಪೊರಕೆಯನ್ನು ಮೂಲೆಗೆ ಒರಗಿಸಿದ.

"ಅದನ್ನ ಹಾಕ್ಬೇಡ ಅಂದಿದ್ನಲ್ಲ ಅಕ್ಕಾ."

"ಯಾರಿಗೆ ಹಾಕ್ಬೇಕು ಅಂತಿತ್ತು?"

"ಕೂತ್ಕೋ ಮೊದಲು. ನೀರು ಕೊಡ್ಲಾ?"

"ನೀರು ನನ್ನ ಬಾಟಲಿಯಲ್ಲಿದೆ. ಮಾತಾಡು."

ಅವನು ಕಳ್ಳನ ಹಾಗೆ ತಲೆ ತಗ್ಗಿಸಿದ್ದರೆ ನನ್ನ ಸಿಟ್ಟು ಅರ್ಧ ಇಳಿಯುತ್ತಿತ್ತೇನೋ. ಅವನಿಗೆ ನಿಜವಾಗಿ ಏನೂ ಅರ್ಥವಾಗಿರಲಿಲ್ಲ. "ಎಲ್ರೂ ಅಗ್ಗಕ್ಕೆ ಬೇಕು, ಇನ್ನೂ ಅಗ್ಗಕ್ಕೆ ಬೇಕು ಅಂತಾರೆ. ಹೋಲ್‌ಸೇಲ್‌ನವನು ಇದನ್ನ ಕಳಿಸ್ತಾನೆ. ಎಲ್ಲಾ ಅಂಗಡೀಲೂ ಇದೇ ಇರೋದು. ಹವ್ಯಾಸಕ್ಕೆ ತಾನೆ ಅಕ್ಕಾ, ಕೆಟ್ರೆ ಇನ್ನೊಂದು ಹಾಕ್ಕೊಳ್ತಾರೆ. ನಿನಗೆ ಒಂದಾದ್ರೂ ಕೆಟ್ಟದ್ದು ಕೊಟ್ಟಿದೀನಾ, ನೀನೇ ಹೇಳು?"

"ಇಲ್ಲ."

"ಮತ್ತೆ?"

"ನನಗೊಂದು, ಊರಿಗೊಂದು ಯಾಕೋ? ಎಲ್ಲರಿಗೂ ಒಂದೇ ಕೊಡು!"

"ನೀನೂ ಅವರೂ ಒಂದೇನಾ?" ಎಂದ. ಅವನ ಕಣ್ಣಲ್ಲಿ ನೀರು ಬಂದಿತ್ತು. "ನೀನು ನನ್ನ ಅಕ್ಕ ಕಣೇ."

ಅಂಗಡಿಯಿಂದ ಹೊರಗೆ ಬಂದು ಫುಟ್‌ಪಾತಿನಲ್ಲಿ ನಿಂತೆ. ಕೀ ಮಾಡುವವನ ಯಂತ್ರ ಕೀಚಲು ದನಿಯಲ್ಲಿ ತಿರುಗುತ್ತಿತ್ತು, ಅದರ ಮೇಲೂ ಸಿಟ್ಟು ಬಂತು. ಮಧ್ಯಾಹ್ನದೊಳಗೆ ಅಮ್ಮನ ಫೋನು. ಪುಟ್ಟ ಆಗಲೇ ಅತ್ತು ಹೇಳಿಕೊಂಡಿದ್ದ.

"ಒಡಹುಟ್ಟಿದವನ ಮೇಲೆ ಹೀಗಾ ಎಗರೋದು? ಅವನು ನಿನಗೇನು ಕಡಿಮೆ ಮಾಡಿದಾನೆ?"

"ನನಗೇನೂ ಕಡಿಮೆ ಮಾಡಿಲ್ಲಮ್ಮ."

"ಮತ್ತೇನು ನಿನ್ನ ಗೋಳು? ಮನೆ ವಿಷಯ ಮನೇಲಿರ್ಲಿ. ಬೀದಿಗೆ ತರಬೇಡ."

ಮನೆ ವಿಷಯವಾಗಿದ್ದರೆ ಮನೆಯಲ್ಲೇ ಇಡುತ್ತಿದ್ದೆ. ಅವನು ಅದನ್ನು ಶೆಲ್ಫಿನಲ್ಲಿಟ್ಟು, ಮೇಲೆ ನನ್ನ ಹೆಸರು ಬರೆದು ಮಾರುತ್ತಿದ್ದ. ಇದನ್ನು ಅಮ್ಮನಿಗೆ ಹೇಗೆ ಹೇಳಿದರೂ ಅವಳ ಕಿವಿಗೆ ಬಿದ್ದದ್ದು ತಮ್ಮನ ಮೇಲೆ ನನ್ನ ಹೊಟ್ಟೆಕಿಚ್ಚು ಎನ್ನುವ ಹಾಗೆ. ಫೋನಿಟ್ಟೆ.

ಸಂಜೆ ಇರುವೆಯ ಮುಂಗಾಲುಗಳಿಂದ ಎರಡು ಮೋಟರು ಬಿಚ್ಚಿ, ಕಾಗದದಲ್ಲಿ ಸುತ್ತಿ, ಬೇಕರಿಗೆ ಹೋದೆ. ಅವರು ಹಿಂದಿನ ಕೋಣೆಯಲ್ಲಿ ಟ್ರೇಗಳನ್ನು ಕೆರೆಯುತ್ತಿದ್ದರು. ಸೆಕೆ ಮುಖಕ್ಕೆ ಹೊಡೆಯುತ್ತಿತ್ತು. ಹಿಟ್ಟಿನ ಡ್ರಮ್ಮಿನ ಮೇಲೆ ಜಿರಾಫೆ ಅಡ್ಡ ಬಿದ್ದಿತ್ತು, ಅದರ ಬೆನ್ನ ಮೇಲೆ ಯಾರೋ ಒರೆಸುವ ಬಟ್ಟೆ ಒಣಹಾಕಿದ್ದರು. ನಾನು ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಮೋಟರಿನ ಹೊಟ್ಟೆಯೊಳಗೆ ಏನಿತ್ತು, ನನಗೆ ಏನು ಬರುತ್ತಿತ್ತು, ಅವರಿಗೆ ಏನು ಬರುತ್ತಿತ್ತು. ಜಿರಾಫೆಯದಾಗಲಿ ಅವರ ಕೈಯದಾಗಲಿ ಏನೂ ತಪ್ಪಿರಲಿಲ್ಲ ಎಂದೆ.

ಒಳ್ಳೆಯ ಮನುಷ್ಯ, ಹೋಗಲಿ ಬಿಡಿ ಅಕ್ಕಾ ಅನ್ನುತ್ತಾರೆ ಎಂದುಕೊಂಡಿದ್ದೆ. ಅನ್ನಲಿಲ್ಲ. ಕೆರೆಯುವ ಪಟ್ಟಿಯನ್ನು ಟ್ರೇಯ ಮೇಲೆ ಕುಕ್ಕಿದರು.

"ಮೂರು ಸಲ ಕತ್ತು ಕತ್ತರಿಸಿದೆ ನಾನು. ನೀವು ಹೇಳಿದ್ರಿ ಅಂತ. ನನ್ನ ಹೆಂಡತಿ ಬೇಡ ಬೇಡ ಅಂತಿದ್ಲು, ಅದರ ಚಂದ ಇರೋದೇ ಕತ್ತಲ್ಲಿ ಅಂತಿದ್ಲು. ಇಲ್ಲ ಕಣೆ, ಅಕ್ಕನಿಗೆ ಗೊತ್ತಿರುತ್ತೆ ಅಂದೆ."

"ತಪ್ಪಾಯ್ತು" ಎಂದೆ.

"ಕೇಳಿ ಇಲ್ಲಿ. ನಾನು ಬ್ರೆಡ್ಡು ಮಾಡೋನು. ಒಂದು ದಿನ ಬ್ರೆಡ್ಡು ಹುಳಿ ಬಂದ್ರೆ ಗಿರಾಕಿ ಬಂದು ನನ್ನ ಮುಖಕ್ಕೇ ಬೈತಾನೆ. ನಿನಗೆ ತಿನ್ನೋಕೆ ಬರಲ್ಲ ಅಂತ ನಾನು ಅವನಿಗೆ ಯಾವತ್ತೂ ಹೇಳಿಲ್ಲ."

ಕಾಗದ ಬಿಚ್ಚಿ ಎರಡು ಮೋಟರುಗಳನ್ನು ಮುಂದಿಟ್ಟೆ. "ಇವು ಒಳ್ಳೇವು. ನನ್ನ ಇರುವೆಯಿಂದ ಬಿಚ್ಚಿ ತಂದೆ. ನಾನೇ ಟೆಸ್ಟ್ ಮಾಡಿದೀನಿ."

ಅವರು ನಕ್ಕರು. ಆ ನಗು ನನಗೆ ಇಷ್ಟವಾಗಲಿಲ್ಲ. "ಅವನ್ನೂ ನೀವೇ ತಾನೆ ಟೆಸ್ಟ್ ಮಾಡಿದ್ದು, ಮೇಡಂ?"

ಅಕ್ಕ ಹೋಗಿ ಮೇಡಂ ಆಗಿತ್ತು. ನನ್ನ ಮುದ್ರೆಗೆ ಇದ್ದ ಬೆಲೆ ಅಲ್ಲಿಗೆ ಮುಗಿಯಿತು ಎಂದು ಆ ಒಂದು ಮಾತಿನಲ್ಲಿ ತಿಳಿಯಿತು. ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ, ಬರಬೇಕಾದ ಕಡೆಯೇ ಬಂತು. "ಶನಿವಾರ ಸಂಜೆ ಪುಟ್ಟನ ಅಂಗಡಿಗೆ ಬನ್ನಿ. ಮೋಟರ್ ನೀವೇ ಆರಿಸಿ, ಬಾಟಲಿ ನೀವೇ ಕಟ್ಟಿ. ನಾನು ಕೈ ಹಾಕಲ್ಲ" ಎಂದೆ. ಅವರು ಬರುತ್ತೇನೆ ಎನ್ನಲೂ ಇಲ್ಲ, ಬರುವುದಿಲ್ಲ ಎನ್ನಲೂ ಇಲ್ಲ. ಮೋಟರುಗಳನ್ನು ಅಲ್ಲೇ ಬಿಟ್ಟು ಬಂದೆ.

ಶನಿವಾರ ಕ್ಲಬ್ಬಿಗೆ ಹೋಗುವ ಮುಂಚೆ ಎಲ್ಲರೂ ಪುಟ್ಟನ ಅಂಗಡಿಗೆ ನುಗ್ಗುವುದು ವಾಡಿಕೆ. ನರ್ಸಮ್ಮ ಬ್ಯಾಟರಿ ಕೇಳುತ್ತಿದ್ದರು, ಕಂಡಕ್ಟರು ಇಕ್ಕಟ್ಟಿನಲ್ಲಿ "ಮುಂದೆ ಹೋಗಿ, ಮುಂದೆ ಹೋಗಿ" ಎಂದು ಅಭ್ಯಾಸಬಲದಿಂದ ತಳ್ಳುತ್ತಿದ್ದರು. ನಾನು ಬಾಟಲಿಯನ್ನೂ ಬಿಗಿಯುವ ಕ್ಲಾಂಪನ್ನೂ ಕೌಂಟರಿನ ಮೇಲಿಟ್ಟೆ. ಪುಟ್ಟನ ಕಿವಿ ಕೆಂಪಾಯಿತು. ಚಿಕ್ಕವನಿದ್ದಾಗ ಸಿಕ್ಕಿಬಿದ್ದರೆ ಅವನ ಕಿವಿ ಹೀಗೇ ಕೆಂಪಾಗುತ್ತಿತ್ತು, ನಾನು ಅವನನ್ನು ನನ್ನ ಬೆನ್ನ ಹಿಂದೆ ಎಳೆದುಕೊಂಡು ಅಪ್ಪನಿಗೆ ಅಡ್ಡ ನಿಲ್ಲುತ್ತಿದ್ದೆ.

"ಒಂದು ಮೋಟರ್ ಕೊಡೋ" ಎಂದೆ.

ಅವನ ಕೈ ತಾನಾಗಿ ಕೌಂಟರಿನ ಕೆಳಗೆ ಹೋಯಿತು.

"ಕೆಳಗಿಂದ ಬೇಡ ಪುಟ್ಟಾ."

"ಅಕ್ಕಾ..." ಎಂದು ಪಿಸುಗುಟ್ಟಿದ. "ಇವರ ಮುಂದೆ ಬೇಡ. ಕೈ ಮುಗೀತೀನಿ."

ಅಷ್ಟರಲ್ಲಿ ಬಾಗಿಲಲ್ಲಿ ಬೇಕರಿಯವರು ಕಂಡರು. ತೋಳಿನ ತುಂಬ ಹಿಟ್ಟು. ಜನರ ನಡುವೆ ತೂರಿ ಬಂದು, ನನ್ನ ಹೆಸರಿನ ಶೆಲ್ಫಿನ ಹಿಂಬದಿಗೆ ಕೈ ಹಾಕಿ ಒಂದು ಪೊಟ್ಟಣ ಎಳೆದರು. ತಾವೇ ಬಿಗಿದರು, ದಾರ ಕಟ್ಟಿದರು, ಗಂಟನ್ನು ಎರಡು ಸಲ ಜಗ್ಗಿ ನೋಡಿದರು. ಬಾಟಲಿ ಏರಿತು, ಇಳಿಯಿತು, ಏರಿತು. ನರ್ಸಮ್ಮ "ಏನಿದು, ಇಲ್ಲೂ ಪರೀಕ್ಷೆ?" ಎನ್ನುತ್ತಿದ್ದಂತೆ ಕಟಕಟ ಸದ್ದಾಗಿ ಬಾಟಲಿ ಜಾರಿತು. ದಾರ ಕಳಚಿ ನೆಲಕ್ಕೆ ಬಿದ್ದು, ಮುಚ್ಚಳ ಹಾರಿ, ಎಲ್ಲರ ಕಾಲ ಕೆಳಗೆ ನೀರು ಹರಿಯಿತು.

"ಇನ್ನೊಂದು" ಎಂದರು ಬೇಕರಿಯವರು.

ಇನ್ನೊಂದೂ ಜಾರಿತು. ಅದರ ಮುಂದಿನದು ಬಾಟಲಿಯನ್ನು ಎತ್ತಲೇ ಇಲ್ಲ, ಸುಮ್ಮನೆ ನಡುಗಿತು. ಅವರು ಅದನ್ನು ಬಿಚ್ಚಿ, ಬಿಳಿ ಚಕ್ರಗಳನ್ನು ಅಂಗೈಯಲ್ಲಿ ಹಾಕಿಕೊಂಡು ಒಬ್ಬೊಬ್ಬರಿಗೂ ತೋರಿಸಿದರು. ಕನ್ನಡಕದ ಅಂಗಡಿಯವರು ಒಂದು ಚಕ್ರವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ, ನನ್ನ ಕಡೆ ತಿರುಗಿದರು.

"ಬಾಟಲಕ್ಕಾ, ನನ್ನ ರೋಬೋ ಕೈ ಬೀಳ್ತಿದ್ದದ್ದೂ ಇದಕ್ಕೇನಾ? ನನಗೆ ವೈರಿಂಗ್ ಬರಲ್ಲ ಅಂದಿದ್ರಲ್ಲ ನೀವು?"

"ಹೌದು. ಅಂದಿದ್ದೆ. ನಿಮ್ಮ ವೈರಿಂಗ್ ಸರಿಯಾಗೇ ಇತ್ತು" ಎಂದೆ. "ಇವನು ನನಗೆ ಬೇರೆ ಕೊಡ್ತಿದ್ದ, ನಿಮಗೆ ಬೇರೆ ಕೊಡ್ತಿದ್ದ. ನಾನು ನೋಡಿದ್ದು ನನ್ನದನ್ನ ಮಾತ್ರ."

ಕನ್ನಡಕದ ಅಂಗಡಿಯವರು ಚಕ್ರವನ್ನು ಕೌಂಟರಿನ ಮೇಲಿಟ್ಟರು. ಬೈದಿದ್ದರೆ ಚೆನ್ನಾಗಿತ್ತು. ನಾನು ಶೆಲ್ಫಿನ ಹತ್ತಿರ ಹೋಗಿ ಸ್ಟಿಕ್ಕರಿನ ಮೂಲೆಗೆ ಉಗುರು ಹಾಕಿ ಎಳೆದೆ. ಪುಟ್ಟ ಗಟ್ಟಿಯಾಗಿ ಅಂಟಿಸಿದ್ದ. ಅರ್ಧ ನನ್ನ ಕೈಗೆ ಬಂತು, "ಪಾಸ್" ಎನ್ನುವುದು ಅಲ್ಲೇ ಉಳಿಯಿತು. ಅದನ್ನು ಬೇಕರಿಯವರು ತಮ್ಮ ಕೆರೆಯುವ ಪಟ್ಟಿಯನ್ನು ಜೇಬಿನಿಂದ ತೆಗೆದು ಕೆರೆದು ಹಾಕಿದರು.

ಎಲ್ಲರೂ ಹೋದ ಮೇಲೆ ಪುಟ್ಟ ನೀರು ಒರೆಸುತ್ತ, ತಲೆ ಎತ್ತದೆ ಹೇಳಿದ: "ನಮ್ಮನೆ ಮರ್ಯಾದೆ ತೆಗೆದೆ ಅಕ್ಕಾ."

"ನೀನು ಅದನ್ನ ಶೆಲ್ಫಲ್ಲಿಟ್ಟು ಮಾರ್ತಿದ್ದೆ. ನಾನು ಸ್ಟಿಕ್ಕರ್ ಕಿತ್ತೆ, ಅಷ್ಟೆ."

ಅಂದಿನಿಂದ ಅವನು ಫೋನು ಮಾಡಿಲ್ಲ. ಅಮ್ಮ ಮಾಡುತ್ತಾಳೆ, ಊಟವಾಯಿತೇ ಎಂದು ಕೇಳಿ ಫೋನಿಡುತ್ತಾಳೆ. ಕ್ಲಬ್ಬಿನಲ್ಲಿ ಈಗ ಪರೀಕ್ಷೆ ಮಾಡುವವರು ಬೇಕರಿಯವರು. ನನ್ನ ಇರುವೆಯ ಆ ಎರಡು ಮೋಟರುಗಳಿಗೆ ಅವರು ತಮ್ಮ ಕೈಯಾರೆ ಬಾಟಲಿ ಕಟ್ಟಿ, ಬ್ರೆಡ್ಡು ಒಲೆಗೆ ಹೋಗಿ ಬೆಂದು ಬರುವವರೆಗೂ ಓಡಿಸಿ ನೋಡಿದರಂತೆ. ಆಮೇಲೆ ಜಿರಾಫೆಗೆ ಹೊಸ ಕತ್ತು ಬಂತು, ಮೊದಲಿಗಿಂತ ಉದ್ದ. ಒಂದು ದಿನ ನಾನು ಬೇಕರಿಗೆ ಹೋಗಿ ಸಾಲಿನಲ್ಲಿ ನಿಂತೆ. ಜಿರಾಫೆ ಬಗ್ಗಿ, ಬನ್ನು ಕಚ್ಚಿ, ನಿಧಾನವಾಗಿ ಎದ್ದು ನನ್ನ ಕಡೆ ಚಾಚಿತು. ಅವರು ತಟ್ಟೆಗೆ ಮುಂದಿನ ಬನ್ನು ಇಟ್ಟರು. ನಾನು ಬನ್ನು ತಗೊಂಡು ಬಂದೆ.

ನನ್ನ ಇರುವೆ ಮುಂಗಾಲಿಲ್ಲದೆ ಮೂತಿ ನೆಲಕ್ಕೆ ಊರಿ ಕೂತಿದೆ. ಅದಕ್ಕೆ ಮೋಟರು ಬೇಕಿತ್ತು. ಬೇರೆ ಅಂಗಡಿಗೆ ಹೋಗಬಹುದಿತ್ತು. ಹೋಗಲಿಲ್ಲ. ಇವತ್ತು ಕಚೇರಿ ಬಿಟ್ಟವಳೇ ಪುಟ್ಟನ ಅಂಗಡಿಗೆ ಹೋದೆ. ಅವನು ಸೊರಗಿದ್ದ. ನನ್ನನ್ನು ನೋಡಿ ಎದ್ದು ನಿಂತ.

"ಏನು ಬೇಕಿತ್ತು ಮೇಡಂ?" ಎಂದ.

ಕೆನ್ನೆಗೆ ಬಾರಿಸಿದ್ದರೂ ಅಷ್ಟು ನೋಯುತ್ತಿರಲಿಲ್ಲ. "ಎರಡು ಮೋಟರು. ಹಿತ್ತಾಳೆ ಚಕ್ರದ್ದು" ಎಂದೆ.

ಅವನ ಕೈ ಕೌಂಟರಿನ ಕೆಳಗೆ ಹೊರಟಿತು, ಅರ್ಧದಲ್ಲಿ ನಿಂತಿತು. ನಾನು ನೋಡಿದೆ. ನಾನು ನೋಡಿದ್ದನ್ನು ಅವನೂ ನೋಡಿದ. ಆಮೇಲೆ ಅವನು ತಿರುಗಿ ಶೆಲ್ಫಿನಿಂದ ಎರಡು ಪೊಟ್ಟಣ ತೆಗೆದು, ಕವರಿಗೆ ಹಾಕಿ, ಜೀವನದಲ್ಲಿ ಮೊದಲ ಸಲ ನನಗೆ ಬಿಲ್ಲು ಹರಿದುಕೊಟ್ಟ.

ಮನೆಗೆ ಬಂದು ಬಾಟಲಿ ಕಟ್ಟಿದೆ. ಒಲೆಯ ಮೇಲಿನ ನೀರು ಇನ್ನೂ ಕುದಿ ಬಂದಿರಲಿಲ್ಲ, ಕಟಕಟ ಎಂದಿತು. ಎರಡನೆಯದೂ ಹಾಗೇ. ಬಿಚ್ಚಿದರೆ ಅದೇ ಬಿಳಿ ಪ್ಲಾಸ್ಟಿಕ್ಕು. ಎಲ್ಲರಿಗೂ ಒಂದೇ ಕೊಡು ಎಂದು ನಾನೇ ತಾನೆ ಕೂಗಿದ್ದು? ಕೊಟ್ಟ. ನನ್ನನ್ನೂ ಊರಿನ ಜೊತೆ ಸೇರಿಸಿದ. ಅಡುಗೆಮನೆಯ ನೆಲದಲ್ಲಿ ಕೂತು ಅತ್ತೆ. ಅವನ ಮೇಲಿನ ಸಿಟ್ಟಿಗೇ ಅತ್ತೆ, ಅವನ ಆ ಅರ್ಧಕ್ಕೆ ನಿಂತ ಕೈ ನೆನೆದು ಇನ್ನಷ್ಟು ಅತ್ತೆ.

ಅತ್ತು ಮುಗಿಸಿ ಮುಖ ತೊಳೆದು, ಚಕ್ರಗಳನ್ನೆಲ್ಲ ಆರಿಸಿ ಕವರಿಗೆ ತುಂಬಿ, ಬಿಲ್ಲನ್ನು ಮೇಲಿಟ್ಟು ಪಿನ್ನು ಹೊಡೆದಿದ್ದೇನೆ. ನಾಳೆ ವಾಪಸ್ ಕೊಡಲು ಹೋಗುತ್ತೇನೆ. ಮುಂದೆ ಗಿರಾಕಿಗಳಿದ್ದರೆ ಅವರ ಹಿಂದೆ ನಿಲ್ಲುತ್ತೇನೆ. ಏನು ಮೇಡಂ ಅನ್ನುತ್ತಾನೆ, ಅನ್ನಲಿ. ಬದಲಿ ಕೊಟ್ಟರೆ ಅದನ್ನೂ ಅಲ್ಲೇ ಕೌಂಟರಿಗೆ ಬಿಗಿದು ನೋಡುತ್ತೇನೆ, ಅದೂ ಜಾರಿದರೆ ನಾಡಿದ್ದು ಮತ್ತೆ ಹೋಗುತ್ತೇನೆ. ಬಾಟಲಿಗೆ ನೀರು ತುಂಬಿ ಚೀಲದ ಪಕ್ಕ ಇಟ್ಟಿದ್ದೇನೆ.